ಹೊಳೆ ತುಂಬಿದಾಗ ಮನೆಯವರ ಗಾಬರಿ, ನಿದ್ದೆಗೇಡು: ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇದು: ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಮನೆ. ಕನ್ನಂಬಾಡಿ ಅಣೆಕಟ್ಟೆಯಿಂದ (ಕೆಆರ್‌ಎಸ್) ನೀರು ಬಿಟ್ಟ ಸುದ್ದಿ ಬಂದರೆ ಅಮ್ಮ ರಾತ್ರಿಯೆಲ್ಲ ಕೂತೇ ಇರುತ್ತಾರೆ, ಅಪ್ಪ ಹಸು ಬಿಟ್ಟು ಬರುವುದಿಲ್ಲ ಎನ್ನುತ್ತಾರೆ, ನೀವು ಬೆಳಗಿನ ಜಾವದವರೆಗೆ ಮೊಬೈಲ್ ನೋಡುತ್ತೀರಿ. ಅಮ್ಮನಿಗೆ ನಿದ್ದೆ ಮಾತ್ರೆ ಕೊಡಬಹುದೇ?

ಮೆಡಿಕಲ್ ಸ್ಟೋರ್‌ನಿಂದ ತಂದು ಕೊಡಬೇಡಿ. ಡಯಾಜೆಪಾಮ್, ಆಲ್ಪ್ರಜೋಲಾಮ್ ಜಾತಿಯ ಮಾತ್ರೆಗಳನ್ನು ಇಂಥ ಆಘಾತದ ಮೊದಲ ತಿಂಗಳಲ್ಲಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವಯಸ್ಸಾದವರು ಮಂಪರಿನಲ್ಲಿ ಎಡವಿ ಬೀಳುತ್ತಾರೆ, ಗೊಂದಲವಾಗುತ್ತದೆ. ನಡುರಾತ್ರಿ ಮನೆ ಬಿಡಬೇಕಾಗಿ ಬಂದರೆ ಎಬ್ಬಿಸುವುದೇ ಕಷ್ಟ. ಆದರೆ ಅಮ್ಮ ವೈದ್ಯರ ಸಲಹೆಯಂತೆ ಮೊದಲಿನಿಂದಲೂ ಅದನ್ನು ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ.

ನಿದ್ದೆ ಕೆಡಿಸುತ್ತಿರುವುದು ನೀರಿಗಿಂತ ಹೆಚ್ಚಾಗಿ, ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದಿರುವುದು. ಮೊದಲು ಅದನ್ನು ಸರಿಮಾಡಿ. ನಿಮ್ಮ ಊರಿನ ನೀರು ಕೆಆರ್‌ಎಸ್‌ನ ಹೊರಹರಿವು. ಕಬಿನಿಯಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟರು ಎಂಬ ಸುದ್ದಿಗೆ ನೀವು ಗಾಬರಿಯಾಗಬೇಕಿಲ್ಲ. ಆ ನೀರು ನಂಜನಗೂಡು ಹಾದು ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ, ಅದು ನಿಮಗಿಂತ ಕೆಳಗೆ. ಕೆಆರ್‌ಎಸ್ 124.80 ಅಡಿ ತುಂಬಿದ ಮೇಲೆ ಹೆಚ್ಚುಕಡಿಮೆ ಒಳಹರಿವಿನಷ್ಟನ್ನೂ ಹೊರಗೆ ಬಿಡಲೇಬೇಕು. ಆದ್ದರಿಂದ ಒಳಹರಿವು, ಹೊರಹರಿವು ಎರಡನ್ನೂ ನೋಡಿ. ಎಷ್ಟು ಬಿಟ್ಟಾಗ ಯಾವ ಮೆಟ್ಟಿಲು ಮುಳುಗಿತ್ತು, ಯಾವ ಗದ್ದೆಗೆ ನೀರು ನುಗ್ಗಿತ್ತು ಎಂದು ಊರಿನ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅಂದಾಜಿಗೆ ಅದು ಸಾಕು. ಆದರೆ ತಾಲ್ಲೂಕು ಆಡಳಿತ ಜಾಗ ಬಿಡಿ ಎಂದರೆ ಆ ಹಾಳೆ ನೋಡುತ್ತ ಕೂರಬೇಡಿ, ಹೊರಡಿ.

ಸುದ್ದಿಯನ್ನು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ನೀರು ಏರುತ್ತಿರುವ ದಿನ ಮನೆಯಲ್ಲಿ ಒಬ್ಬರೇ ನೋಡಿ ಉಳಿದವರಿಗೆ ತಿಳಿಸಲಿ. ವಾಟ್ಸಾಪ್‌ನಲ್ಲಿ ಸುತ್ತುವ ಹಳೆಯ ವರ್ಷದ ವಿಡಿಯೊಗಳನ್ನು ಅಮ್ಮನಿಗೆ ತೋರಿಸಬೇಡಿ. ರಾತ್ರಿ ಕಾವಲಿಗೆ ಪಾಳಿ ಮಾಡಿಕೊಳ್ಳಿ: ಹತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಆರರವರೆಗೆ ಇನ್ನೊಬ್ಬರು. ಪಾಳಿ ಇಲ್ಲದವರು ಫೋನನ್ನು ಕಾಯುವವರ ಕೈಗೆ ಕೊಟ್ಟು ಮಲಗಬೇಕು. ಏನಾದರೂ ಆದರೆ ಎಬ್ಬಿಸುತ್ತಾರೆ ಎಂಬ ನಂಬಿಕೆ ಬಂದರೆ ಅಮ್ಮನಿಗೂ ಕಣ್ಣು ಹತ್ತುತ್ತದೆ. ಮಧ್ಯಾಹ್ನ ಮೂರರ ಮೇಲೆ ಕಾಫಿ, ಟೀ ಬೇಡ.

ಎದೆ ಢವಢವ ಎಂದಾಗ ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ನಿಧಾನವಾಗಿ ಹೊರಗೆ, ಐದು ನಿಮಿಷ. ಉಸಿರು ಬಿಡುವುದು ಉದ್ದವಾದರೆ ಹೃದಯದ ಬಡಿತ ಇಳಿಯುತ್ತದೆ. ಹಲವರು ಜೋರಾಗಿ, ಬೇಗ ಬೇಗ ಎಳೆದುಕೊಂಡು ತಲೆಸುತ್ತು, ಬೆರಳು ಜುಮ್ಮೆನ್ನುವುದು ತಂದುಕೊಳ್ಳುತ್ತಾರೆ. ಹಾಗಾದರೆ ನಿಲ್ಲಿಸಿ ಮಾಮೂಲಾಗಿ ಉಸಿರಾಡಲಿ.

ಅಪ್ಪನವರ ವಿಷಯದಲ್ಲಿ ವಾದ ಮಾಡಬೇಡಿ. ಹಸು ಎಲ್ಲಿ ಕಟ್ಟಬೇಕು, ಮೇವು ಯಾರು ಹಾಕುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಿ, ಎತ್ತರದಲ್ಲಿರುವ ನೆಂಟರ ಕೊಟ್ಟಿಗೆ ಈಗಲೇ ಕೇಳಿಡಿ. ಹಸು ಹೊರಟರೆ ಅವರೂ ಹೊರಡುತ್ತಾರೆ. ಒಂದು ಚೀಲದಲ್ಲಿ ಎರಡು ವಾರದ ಮಾತ್ರೆ, ವೈದ್ಯರ ಚೀಟಿ, ಕನ್ನಡಕ, ಚಾರ್ಜರ್, ಆಧಾರ್ ಮತ್ತು ಪಹಣಿ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ಮಾನಸಿಕ ಕಾಯಿಲೆಗೆ ಯಾರಾದರೂ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ವಾಂತಿ, ಭೇದಿಯಾದಾಗ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಆ ಔಷಧ ವಿಷದ ಮಟ್ಟಕ್ಕೆ ಏರುತ್ತದೆ.

ನೆರೆ ಬಂದಾಗ ಆಡಳಿತ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋಗಬೇಕಾಗಿ ಬಂದರೆ ಯಾರೂ ಹೇಳದ ಒಂದು ವಿಷಯ ನೆನಪಿರಲಿ. ದಿನಾ ಕುಡಿಯುವವರಿಗೆ ಅಲ್ಲಿ ಕುಡಿತ ಒಮ್ಮೆಲೇ ನಿಲ್ಲುತ್ತದೆ. ಮೊದಲ ದಿನವೇ ಕೈ ನಡುಕ, ಬೆವರು, ಚಡಪಡಿಕೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಜನ ಇದನ್ನು ಹೆದರಿಕೆ ಎಂದೋ ಗಾಳಿ ಸೋಕಿದೆ ಎಂದೋ ತಿಳಿದು ಬಿಟ್ಟುಬಿಡುತ್ತಾರೆ. ಇದರಿಂದ ಜೀವ ಹೋಗಬಹುದು. ನಡುಕ ಕಂಡ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೇಂದ್ರದಲ್ಲಿ ಅಮ್ಮನಿಗೆ ಸುಮ್ಮನೆ ಕೂರುವುದಕ್ಕಿಂತ ತರಕಾರಿ ಹೆಚ್ಚುವುದು, ಮಕ್ಕಳನ್ನು ನೋಡಿಕೊಳ್ಳುವುದು ಇಂಥ ಕೆಲಸ ಸಿಕ್ಕರೆ ಒಳ್ಳೆಯದು. ಏನಾಯಿತು ಎಂದು ಕೆದಕಿ ಕೆದಕಿ ಕೇಳಿ ಅಳಿಸುವುದರಿಂದ ಮನಸ್ಸು ಹಗುರವಾಗುತ್ತದೆ ಎಂಬುದು ತಪ್ಪು. ಕೆಲವರಿಗೆ ಅದರಿಂದ ಇನ್ನಷ್ಟು ಹಾಳಾಗುತ್ತದೆ. ಅವರಾಗಿ ಹೇಳಿದರೆ ಕೇಳಿ. ‘ಧೈರ್ಯವಾಗಿರಿ, ಬೇರೆಯವರದ್ದು ಇನ್ನೂ ಹೆಚ್ಚು ಹೋಗಿದೆ’ ಎನ್ನಬೇಡಿ. ಈಗ ಏನು ಬೇಕು ಎಂದು ಕೇಳಿ, ಅದನ್ನು ತಂದುಕೊಡಿ. ಮಕ್ಕಳು ಹಾಸಿಗೆಯಲ್ಲಿ ಉಚ್ಚೆ ಹೊಯ್ದರೆ, ಸೆರಗು ಬಿಡದಿದ್ದರೆ ಬೈಯಬೇಡಿ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ನೀರು ಇಳಿದ ಮೇಲೆ ಬರುವುದೇ ಹೆಚ್ಚು ಕಠಿಣ. ಕೆಸರು, ಹಾಳಾದ ಭತ್ತ, ಕಬ್ಬು, ಸಾಲ. ಮನೆ ತೊಳೆಯುವ ಮುಂಚೆ ಫೋಟೊ ತೆಗೆಯಿರಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ. ಮನೆಯಲ್ಲಿರುವ ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿಡಿ, ಇಲ್ಲವೇ ಬೇರೆಯವರ ಮನೆಯಲ್ಲಿಡಿ. ಆ ಒಂದು ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಅಪ್ಪ ಮಾತು ಬಿಟ್ಟರೆ, ‘ಇದ್ದು ಏನು ಪ್ರಯೋಜನ’ ಎಂದರೆ, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲ ಕೆಲವು ವಾರ ಬೆಚ್ಚಿಬೀಳುವುದು, ಕೆಟ್ಟ ಕನಸು, ಸಿಡುಕು ಸಹಜ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ, ಊಟ, ಕೆಲಸ ನಿಂತುಹೋದರೆ ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ತೋರಿಸಿ. ಮುಂದಿನ ವರ್ಷ ಆಷಾಢದ ಮಳೆ ಹಿಡಿದಾಗ ಮತ್ತೆ ತಲೆದೋರಬಹುದು, ಅದಕ್ಕೆ ಮುಂಚೆಯೇ ಆ ಹಾಳೆ, ಚೀಲ ಸಿದ್ಧವಿರಲಿ. ತಿಂಗಳು ಕಾಯದೆ ಈಗಲೇ ಕರೆ ಮಾಡಬಹುದಾದದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್: 14416, ಉಚಿತ, ಹಗಲೂ ರಾತ್ರಿಯೂ, ಕನ್ನಡದಲ್ಲೇ. ಅಮ್ಮ ಮಾತಾಡಲು ಒಪ್ಪದಿದ್ದರೆ ನೀವೇ ಮಾಡಿ. ಎಷ್ಟು ದಿನದಿಂದ ನಿದ್ದೆಯಿಲ್ಲ, ಯಾವ ಮಾತ್ರೆ ನಡೆಯುತ್ತಿದೆ, ಸಾವಿನ ಮಾತು ಬಂದಿದೆಯೇ ಎಂಬ ಮೂರನ್ನು ಬರೆದಿಟ್ಟುಕೊಂಡು ಕರೆ ಮಾಡಿ.