30×40 ನಿವೇಶನದ ಮನೆಗೂ ಇಂಧನ ಸಂಹಿತೆಯೇ?

ಪ್ರಶ್ನೆ: ನಾವು 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. ಈಗಿರುವ ಬಾಡಿಗೆ ಮನೆಯ ಮೇಲಂತಸ್ತು ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಕಾದೇ ಇರುತ್ತದೆ. ವಾಸದ ಮನೆಗಳಿಗೂ ಇಂಧನ ಮಿತವ್ಯಯದ ಸಂಹಿತೆ ಇದೆಯಂತೆ. ಅದು ನಮಗೂ ಕಡ್ಡಾಯವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕೇಳಿರುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ ಸಂಹಿತೆ’ಯ ವಿಚಾರ. ಅದರ ವ್ಯಾಪ್ತಿಗೆ ಬರುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನ. ನಿಮ್ಮದು ಸುಮಾರು 111 ಚದರ ಮೀಟರ್ ಮಾತ್ರ. ಆದರೂ ಅದರ ಎರಡು ಅಂಕಿಗಳನ್ನು ನೀವಾಗಿಯೇ ಪಾಲಿಸುವುದು ಲೇಸು.

ಮೊದಲನೆಯದು ತಾರಸಿಯದು. ಒಳಗಿನ ಮತ್ತು ಹೊರಗಿನ ಉಷ್ಣತೆಯ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚಾವಣಿಯ ಒಂದು ಚದರ ಮೀಟರಿನ ಮೂಲಕ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹಾಯಬಾರದೆಂದು ಸಂಹಿತೆ ಹೇಳುತ್ತದೆ. ಬರಿಯ ಕಾಂಕ್ರೀಟ್ ಮೋಲ್ಡ್ ಇದರ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಬಿಡುತ್ತದೆ. ಹಗಲೆಲ್ಲ ಬಿಸಿಲುಂಡ ಮೋಲ್ಡ್ ಆ ಶಾಖವನ್ನು ಕತ್ತಲಾದ ಮೇಲೆ ಕೋಣೆಗೆ ಇಳಿಸುವುದರಿಂದಲೇ ನಿಮಗೆ ರಾತ್ರಿಯ ಸೆಕೆ. ಆದ್ದರಿಂದ ಶಾಖನಿರೋಧಕ ಹಲಗೆಯನ್ನು ಮೋಲ್ಡಿನ ಕೆಳಗಲ್ಲ, ಮೇಲೆ ಹಾಸಿ, ಅದರ ಮೇಲೆ ಗಾರೆ ಹಾಕಿಸಿ, ಬಿಳಿಯ ಟೈಲ್ಸ್ ಕೂರಿಸಬೇಕು. ಬಿಳಿ ಬಣ್ಣವೊಂದನ್ನೇ ಬಳಿದರೂ ಸ್ವಲ್ಪ ಗುಣ ಕಾಣುತ್ತದೆ, ಆದರೆ ಧೂಳು ಕೂತಂತೆ ಅದು ಕಡಿಮೆಯಾಗುತ್ತದೆ.

ಎರಡನೆಯದು ಕಿಟಕಿಯದು. ಬೆಂಗಳೂರಿನಂಥ ಸಮಶೀತೋಷ್ಣ ಊರಿನಲ್ಲಿ, ಮನೆಯ ಒಟ್ಟು ನೆಲದ ಶೇ 12.5ರಷ್ಟು, ಅಂದರೆ ಎಂಟನೆಯ ಒಂದು ಭಾಗ, ಗಾಳಿಗೆ ತೆರೆಯುವಂತಿರಬೇಕು. 12×10 ಅಡಿಯ ಕೋಣೆಯ ಪಾಲಿಗೆ ಇದು 15 ಚದರ ಅಡಿ. ಈಗ ಎಲ್ಲೆಲ್ಲೂ ಕಾಣುವ ಎರಡು ಗಾಜಿನ ಸ್ಲೈಡಿಂಗ್ ಕಿಟಕಿಯನ್ನು 4×4 ಅಡಿ ಇಟ್ಟರೂ ತೆರೆಯುವುದು ಅರ್ಧವೇ, ಎಂದರೆ 8 ಚದರ ಅಡಿ. ಹಳೆಯ ಮನೆಗಳ ಹೊರಕ್ಕೆ ತೆರೆಯುವ ಜೋಡಿ ಬಾಗಿಲಿನ ಕಿಟಕಿ ಅದೇ ಜಾಗದಲ್ಲಿ ಸುಮಾರು 14 ಚದರ ಅಡಿಯಷ್ಟು ತೆರೆಯುತ್ತದೆ. ನೋಟಕ್ಕೆ ಚೆಂದವೆಂದು ನಾವು ಬಿಟ್ಟುಕೊಟ್ಟಿರುವುದು ಅರ್ಧ ಗಾಳಿಯನ್ನು!

ಪಶ್ಚಿಮದ ಇಳಿಬಿಸಿಲನ್ನು ಸಜ್ಜಾ ತಡೆಯಲಾರದು. ಆ ಬದಿಗೆ ಮೆಟ್ಟಿಲು, ಬಚ್ಚಲುಮನೆ ಬರುವಂತೆ ನಕ್ಷೆ ಬರೆಸಿ. ಇನ್ನು ಸೋಲಾರ್ ವಾಟರ್ ಹೀಟರ್ ಹಾಕಿಸುವುದಾದರೆ, ಬಿಸಿನೀರಿನ ಪೈಪು ತಾರಸಿಯಿಂದ ಇಳಿಯುವ ಜಾಗವನ್ನು ಮೋಲ್ಡ್ ಹಾಕುವ ಮೊದಲೇ ಮೇಸ್ತ್ರಿಗೆ ತೋರಿಸಿಡಿ. ನಿರೋಧಕ ಹಾಸಿದ ತಾರಸಿಯನ್ನು ಆಮೇಲೆ ಕೊರೆಸಿದರೆ ನೀರು ಸೋರುವುದು ಅಲ್ಲಿಂದಲೇ.