ಕೇಸೇ ತಗಾಮಿಯ ಕರುಣೆ: ಓದುಗರೊಬ್ಬರ ಆಕ್ಷೇಪಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಜಪಾನಿನ ಅನಿಮೆ, ಎಂದರೆ ಆನಿಮೇಷನ್ ಸರಣಿಗಳ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ಕೈಸೇರಿದೆ. ‘ಶಿಕಾಬಾನೆ ಹಿಮೆ’ ಸರಣಿಯ ಕೇಸೇ ತಗಾಮಿ ಎಂಬ ಸನ್ಯಾಸಿಯನ್ನು ಆ ಲೇಖನ ಕರುಣಾಳು ಗುರು ಎಂದು ಕರೆದದ್ದು ತಮಗೆ ಒಪ್ಪಿಗೆಯಾಗಿಲ್ಲ. ಸತ್ತ ಹುಡುಗಿಯೊಬ್ಬಳನ್ನು ಸ್ವರ್ಗದ ಆಸೆ ತೋರಿಸಿ ಕಾಳಗಕ್ಕೆ ಕಳಿಸುವವನು, ಆ ಸಂಗತಿಯನ್ನು ತಾನೇ ಸಾಕಿದ ಹುಡುಗನಿಂದ ಮುಚ್ಚಿಡುವವನು ಕರುಣಾಳು ಹೇಗಾದಾನು ಎಂಬುದು ತಮ್ಮ ಮುಖ್ಯ ಪ್ರಶ್ನೆ. ತಲೆಗೂದಲು ಬಿಟ್ಟುಕೊಂಡು ಆಯುಧಗಳ ನಡುವೆ ಓಡಾಡುವ ಈ ಮನುಷ್ಯನಿಗೆ ಬೌದ್ಧ ಸನ್ಯಾಸ ಬರಿಯ ವೇಷವಲ್ಲವೇ ಎಂದೂ ಕೇಳಿದ್ದೀರಿ. ಕಾಲೇಜಿನಲ್ಲಿ ಓದುವ ಮಗಳ ಜೊತೆ ಕುಳಿತು ಕೆಲವು ಕಂತುಗಳನ್ನು ನೋಡಿರುವ ತಾವು, ಮುಂದಕ್ಕೂ ನೋಡುವುದು ಯುಕ್ತವೇ ಎಂಬ ಸಂದೇಹವನ್ನು ಕೊನೆಯಲ್ಲಿ ಬರೆದಿದ್ದೀರಿ.

ಸರಣಿಯನ್ನು ನೋಡದ ಓದುಗರಿಗಾಗಿ ಎರಡು ಮಾತು. ಯೋಶಿಇಚಿ ಅಕಾಹಿತೋ ಅವರು 2005ರಿಂದ 2014ರವರೆಗೆ ಧಾರಾವಾಹಿಯಾಗಿ ಬರೆದ, 23 ಸಂಪುಟಗಳ ಮಂಗಾ, ಎಂದರೆ ಜಪಾನಿ ಚಿತ್ರಕಥೆ, ಇದರ ಮೂಲ. ಗೈನಾಕ್ಸ್ ಮತ್ತು ಫೀಲ್ ಸಂಸ್ಥೆಗಳು ಕೂಡಿ ಮಾಡಿದ ಅನಿಮೆ ಎರಡು ಭಾಗಗಳಲ್ಲಿ ಬಂದಿತು: 2008ರ ಕೊನೆಯ ತಿಂಗಳುಗಳಲ್ಲಿ ‘ಅಕಾ’ ಎಂಬ 13 ಕಂತುಗಳು, 2009ರ ಆರಂಭದಲ್ಲಿ ‘ಕುರೋ’ ಎಂಬ 12 ಕಂತುಗಳು. ತೀರದ ಹಂಬಲವೊಂದನ್ನು ಇಟ್ಟುಕೊಂಡು ಸತ್ತವರು ಆ ಹಂಬಲದ ಬಲದಿಂದಲೇ ಶಿಕಾಬಾನೆಗಳಾಗಿ ಎದ್ದು ಬದುಕಿರುವವರನ್ನು ಕೊಲ್ಲುತ್ತಾರೆ. ಅವರನ್ನು ಎದುರಿಸಲು ಕೋಗೊನ್ ಎಂಬ ಕಲ್ಪಿತ ಬೌದ್ಧ ಪಂಥವು ಸತ್ತ ಹುಡುಗಿಯರನ್ನೇ ಎಬ್ಬಿಸಿ, ಒಬ್ಬೊಬ್ಬಳನ್ನು ಒಬ್ಬೊಬ್ಬ ಸನ್ಯಾಸಿಯೊಂದಿಗೆ ಕರಾರಿನಿಂದ ಬೆಸೆಯುತ್ತದೆ. 108 ಶಿಕಾಬಾನೆಗಳನ್ನು ಕೊಂದವಳಿಗೆ ಸ್ವರ್ಗ ಸಿಗುತ್ತದೆ ಎಂಬುದು ಪಂಥ ಕೊಡುವ ಭರವಸೆ. ಮಕಿನಾ ಹೋಶಿಮುರಾ ಅಂಥವಳು, ಕೇಸೇ ಅವಳ ಕರಾರಿನ ಸನ್ಯಾಸಿ. ಅನಾಥಾಲಯದಲ್ಲಿ ಅವನ ಆಸರೆಯಲ್ಲಿ ಬೆಳೆದ, ಅವನನ್ನು ಅಣ್ಣನೆಂದೇ ತಿಳಿದ ಓರಿ ಕಗಾಮಿಗೆ ಇದಾವುದೂ ಗೊತ್ತಿರುವುದಿಲ್ಲ.

ತಮ್ಮ ಆಕ್ಷೇಪದ ಮೊದಲ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಅದು ಸಲ್ಲಬೇಕಾದ್ದು ಪಂಥಕ್ಕೆ. ಜಪಾನಿನ ದೇಗುಲಗಳಲ್ಲಿ ವರ್ಷದ ಕೊನೆಯ ರಾತ್ರಿ ದೊಡ್ಡ ಗಂಟೆಯನ್ನು 108 ಬಾರಿ ಬಾರಿಸುತ್ತಾರೆ. ಮನುಷ್ಯನನ್ನು ಕಟ್ಟಿಹಾಕುವ ಕ್ಲೇಶಗಳು 108 ಎಂಬ ಎಣಿಕೆ ಅದರ ಹಿಂದಿದೆ. ನಮ್ಮ ಜಪಮಾಲೆಯ ಮಣಿಗಳೂ ಅಷ್ಟೇ ಆಗಿರುವುದರಿಂದ ಈ ಸಂಖ್ಯೆ ನಮಗೆ ಅಪರಿಚಿತವಲ್ಲ. ಒಂದೊಂದು ಪೆಟ್ಟಿಗೂ ತನ್ನೊಳಗಿನ ಒಂದೊಂದು ಅಂಟು ಬಿಡಲಿ ಎಂದು ಗಂಟೆ ಬಾರಿಸುವವರು ಹಾರೈಸುತ್ತಾರೆ. ಕೋಗೊನ್ ಪಂಥವು ಇದೇ ಲೆಕ್ಕವನ್ನು ಎತ್ತಿಕೊಂಡು, ತನ್ನ ಅಂಟನ್ನು ಬಿಡಬೇಕಾದವಳಿಗೆ ಬೇರೆಯವರ ಅಂಟನ್ನು ಗುಂಡಿಟ್ಟು ಕತ್ತರಿಸುವ ಕೆಲಸ ಹಚ್ಚಿದೆ. ಹೋಶಿಮುರಾ ಮನೆತನವನ್ನು ಕೊಂದುಹಾಕಿದ ಶಿಚಿಸೇ ಎಂಬ ಶಿಕಾಬಾನೆಗಳ ಗುಂಪಿನ ಮೇಲೆ ಸೇಡು ತೀರಿಸಿಕೊಳ್ಳಬೇಕೆಂಬ ಮಕಿನಾಳ ಉರಿ ಈ ಕೆಲಸದಿಂದ ಆರುವ ಬದಲು ಹೆಚ್ಚುತ್ತಲೇ ಹೋಗುತ್ತದೆ. ಇದು ಧರ್ಮದ ಹೆಸರಿನಲ್ಲಿ ನಡೆಯುವ ಅನ್ಯಾಯವೆಂದು ತಾವು ಬರೆದದ್ದು ಸರಿ, ಸರಣಿಯೂ ಅದನ್ನು ಮರೆಮಾಚುವುದಿಲ್ಲ.

ಕೇಸೇ ಈ ವ್ಯವಸ್ಥೆಯನ್ನು ಕಟ್ಟಿದವನಲ್ಲ, ಅದರೊಳಗೆ ನಿಂತವನು. ಹಾಗೆ ನಿಂತಿರುವುದೇ ತಪ್ಪೆಂದು ವಾದಿಸಬಹುದು; ಪಂಥವನ್ನು ತೊರೆದು ಅದಕ್ಕೆ ಎದುರು ನಿಂತ ಆಕಾಶ ಶಿಶಿದೋ ಎಂಬ ಮಾಜಿ ಸನ್ಯಾಸಿಯ ಪಾತ್ರ ಕಥೆಯಲ್ಲಿಯೇ ಇದೆ. ಆದರೆ ಕೇಸೇಯೂ ಹಾಗೆ ಹೊರಟುಹೋದರೆ ಮಕಿನಾಳ ಗತಿ ಏನು? ಕರಾರಿನ ಸನ್ಯಾಸಿಯ ಪ್ರಾಣಶಕ್ತಿಯಿಂದಲೇ ಅವಳ ಗಾಯಗಳು ಮಾಯುತ್ತವೆ, ಅವಳ ಇರವೂ ಅದನ್ನೇ ನೆಚ್ಚಿಕೊಂಡಿದೆ. ಅವಳನ್ನು ಎಬ್ಬಿಸಿದ್ದು ನ್ಯಾಯವೋ ಅನ್ಯಾಯವೋ ಎಂಬ ಪ್ರಶ್ನೆ ಇತ್ಯರ್ಥವಾಗುವವರೆಗೆ ಕಾಯಲು ಅವಳಿಂದಾಗದು, ಎದ್ದ ಮೇಲೆ ಅವಳ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಮೊದಲ ಕಂತಿನಲ್ಲಿ ಓರಿ ರಾತ್ರಿಯ ದೇಗುಲದೊಳಗೆ ಇಣುಕಿದಾಗ, ಉಸಿರಿಲ್ಲದ ಹುಡುಗಿಯೊಬ್ಬಳ ಮೇಲೆ ಬಾಗಿರುವ ಕೇಸೇ ಕಾಣುತ್ತಾನೆ. ಹೊರಗಿನಿಂದ ನೋಡಿದವನಿಗೆ ಆ ದೃಶ್ಯ ಭಯ ಹುಟ್ಟಿಸುತ್ತದೆ, ಅನುಮಾನವನ್ನೂ ಹುಟ್ಟಿಸುತ್ತದೆ. ಮುಂದಿನ ಕಂತುಗಳನ್ನು ನೋಡಿ ಮತ್ತೆ ಅದೇ ದೃಶ್ಯಕ್ಕೆ ಮರಳಿದರೆ, ತನ್ನ ಜೀವದ ಪಾಲನ್ನು ಹಂಚಿ ಕೊಡುತ್ತಿರುವವನೊಬ್ಬ ಅಲ್ಲಿ ಕಾಣುತ್ತಾನೆ. ಹೆಣವೆಂದು, ಆಯುಧವೆಂದು, ಅಪವಿತ್ರವೆಂದು ಉಳಿದವರು ಕಾಣುವ ಜೀವವನ್ನು ಅವನು ಮನೆಯ ಹುಡುಗಿಯಂತೆ ಮಾತನಾಡಿಸುತ್ತಾನೆ. ಅವಳು ಸಿಡುಕಿದರೆ ನಗುತ್ತಾನೆ, ಕೆರಳಿದರೆ ತಡೆಯುತ್ತಾನೆ. ಅವನನ್ನು ಕರುಣಾಳು ಎಂದು ಕರೆಯಲು ನನಗೆ ಇಷ್ಟು ಸಾಕು.

ತಮ್ಮ ಎರಡನೆಯ ಪ್ರಶ್ನೆಯಲ್ಲಿ ಕೂದಲು, ಆಯುಧಗಳ ಭಾಗಕ್ಕೆ ಜಪಾನಿನ ಇತಿಹಾಸದಲ್ಲಿ ನೇರ ಉತ್ತರವಿದೆ. ಮೇಯ್‌ಜಿ ಸರ್ಕಾರ 1872ರಲ್ಲಿ ಹೊರಡಿಸಿದ ಆಜ್ಞೆಯೊಂದು ಬೌದ್ಧ ಪುರೋಹಿತರು ಮದುವೆಯಾಗಲು, ಮಾಂಸ ತಿನ್ನಲು, ಕೂದಲು ಬೆಳೆಸಲು ಅಡ್ಡಿಯಿಲ್ಲವೆಂದಿತು. ಹಾಗಾಗಿ ಕೂದಲು ಬಿಟ್ಟ, ಸಂಸಾರವಂದಿಗನಾದ ಪುರೋಹಿತ ಅಲ್ಲಿ ವಿಚಿತ್ರವಲ್ಲ. ಕ್ಯೋಟೊ ಬಳಿಯ ಹಿಯೇಯ್ ಬೆಟ್ಟದ ಎನ್ರ್ಯಾಕುಜಿ ದೇಗುಲದ ಶಸ್ತ್ರಧಾರಿ ಸನ್ಯಾಸಿಗಳು ಶತಮಾನಗಳ ಕಾಲ ರಾಜಧಾನಿಯನ್ನೇ ನಡುಗಿಸಿದ್ದರು. ಓದಾ ನೊಬುನಾಗಾ ಎಂಬ ಸೇನಾನಾಯಕ 1571ರಲ್ಲಿ ಆ ಬೆಟ್ಟವನ್ನು ಸುಟ್ಟದ್ದು ಅವರು ತನ್ನ ಶತ್ರುಗಳ ಪಕ್ಷ ಹಿಡಿದದ್ದಕ್ಕೆ.

ಆದರೆ ಕೇಸೇಯ ಬೌದ್ಧತ್ವದ ಬೇರು ನನಗೆ ಕಾಣುವುದು ಬೇರೆ ಕಡೆ. ನಮ್ಮ ಸಂಸ್ಕೃತ ಗ್ರಂಥಗಳು ಕ್ಷಿತಿಗರ್ಭನೆಂದು ಕರೆಯುವ ಬೋಧಿಸತ್ವನನ್ನು ಜಪಾನೀಯರು ಜಿಝೋ ಎಂದು ಪೂಜಿಸುತ್ತಾರೆ. ಇತರ ಬೋಧಿಸತ್ವರು ಸಾಮಾನ್ಯವಾಗಿ ಕಿರೀಟ, ಆಭರಣಗಳಲ್ಲಿ ಕಾಣಿಸಿಕೊಂಡರೆ ಇವನದು ಹೆಚ್ಚಾಗಿ ಸಾಧಾರಣ ಸನ್ಯಾಸಿಯ ರೂಪ. ನರಕಗಳು ಬರಿದಾಗುವವರೆಗೆ ತಾನು ಬುದ್ಧನಾಗಲಾರೆ ಎಂಬುದು ಅವನ ವ್ರತ. ತಂದೆತಾಯಿಗಳಿಗಿಂತ ಮೊದಲೇ ತೀರಿಕೊಂಡ ಮಕ್ಕಳು ಪರಲೋಕದ ಸಾಯ್ ನದಿಯ ದಂಡೆಯಲ್ಲಿ ಹೆತ್ತವರ ಪುಣ್ಯಕ್ಕಾಗಿ ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಾ ಇರುತ್ತಾರೆಂದೂ, ರಾಕ್ಷಸರು ಬಂದು ಆ ಗೋಪುರಗಳನ್ನು ಮತ್ತೆ ಮತ್ತೆ ಕೆಡವುತ್ತಾರೆಂದೂ, ಆಗ ಜಿಝೋ ಬಂದು ಮಕ್ಕಳನ್ನು ತನ್ನ ನಿಲುವಂಗಿಯ ತೋಳುಗಳಲ್ಲಿ ಅಡಗಿಸಿಕೊಳ್ಳುತ್ತಾನೆಂದೂ ಅಲ್ಲಿನ ನಂಬಿಕೆ. ದಾರಿಬದಿಯ ಜಿಝೋ ಮೂರ್ತಿಗಳಿಗೆ ಕೆಂಪು ಎದೆಬಟ್ಟೆ ಕಟ್ಟುವವರಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರೂ ಇದ್ದಾರೆ. ಉತ್ತರದ ಅಓಮೊರಿ ಪ್ರಾಂತ್ಯದ ಒಸೊರೆಝಾನ್ ಬೆಟ್ಟದಲ್ಲಿ ಗಂಧಕದ ಹಬೆಯೇಳುವ ಬಂಡೆಗಳ ನಡುವೆ ಅಂಥ ಕಲ್ಲಿನ ಗುಡ್ಡೆಗಳನ್ನೂ, ಸತ್ತ ಮಕ್ಕಳಿಗೆಂದು ನೆಟ್ಟ ಬಣ್ಣದ ಗಾಳಿಗಿರಗಿಟ್ಟೆಗಳನ್ನೂ ಇಂದಿಗೂ ಕಾಣಬಹುದು.

ಒಂದು ಕಡೆ ಅನಾಥ ಮಕ್ಕಳನ್ನು ಸಾಕುತ್ತಾ, ಇನ್ನೊಂದು ಕಡೆ ಕಾಲ ಬರುವ ಮೊದಲೇ ಸತ್ತ ಹುಡುಗಿಯನ್ನು ಕಾಯುತ್ತಾ ಇರುವ ಕೇಸೇ ಈ ನಂಬಿಕೆಯ ನೆರಳಿನಲ್ಲಿ ರೂಪುಗೊಂಡವನೆಂದು ನಾನು ಓದುತ್ತೇನೆ. ಕರ್ತೃವಿನ ಮನಸ್ಸಿನಲ್ಲಿ ಇದೇ ಇತ್ತೆಂದು ನಾನು ಸಾಧಿಸುತ್ತಿಲ್ಲ. ಆದರೆ ಈ ಹಿನ್ನೆಲೆಯನ್ನು ತಿಳಿದು ನೋಡಿದಾಗ, ಅವನ ಅನಾಥಾಲಯವೂ ದೇಗುಲವೂ ಎರಡು ಬೇರೆ ಬಾಳುಗಳಾಗಿ ಉಳಿಯುವುದಿಲ್ಲ. ಯಾರೂ ಇಲ್ಲದ ಮಕ್ಕಳು ಎರಡೂ ಕಡೆ ಇದ್ದಾರೆ, ಅವರಲ್ಲಿ ಕೆಲವರು ಬದುಕಿಲ್ಲ ಎಂಬುದಷ್ಟೇ ವ್ಯತ್ಯಾಸ.

ಈಗ ಓರಿಯ ಮಾತು. ಅವನಿಂದ ಸಂಗತಿಯನ್ನು ಮುಚ್ಚಿಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. ಮಕ್ಕಳನ್ನು ಕೆಟ್ಟದ್ದರಿಂದ ದೂರವಿಡಲು ಹಿರಿಯರು ಮೌನವನ್ನು ಆರಿಸಿಕೊಳ್ಳುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ, ಆದರೆ ಆ ಮೌನದ ಬೆಲೆಯನ್ನು ಕೊನೆಗೆ ತೆರುವವರು ಮಕ್ಕಳೇ. ‘ಅಕಾ’ದ ಕೊನೆಗೆ ಶಿಚಿಸೇ ಗುಂಪಿನ ಹಝಾಮಾನ ಕೈಯಲ್ಲಿ ಕೇಸೇ ಮಡಿಯುತ್ತಾನೆ, ಸಾಯುವ ಮೊದಲು ಮಕಿನಾಳ ಕರಾರನ್ನು ಓರಿಗೆ ದಾಟಿಸುತ್ತಾನೆ. ಅಷ್ಟು ಕಾಲ ಯಾವುದರಿಂದ ತಮ್ಮನನ್ನು ಕಾಪಾಡಿದ್ದನೋ ಅದರ ನಡುವೆಯೇ ಅವನನ್ನು ನಿಲ್ಲಿಸಿ ಹೋಗುತ್ತಾನೆ. ಇಡೀ ಸರಣಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಮಕಿನಾಳನ್ನು ಉಳಿಸಬೇಕಾದರೆ ಓರಿಯ ಬಾಳನ್ನು ಒಡ್ಡಬೇಕು. ಓರಿಯನ್ನು ಉಳಿಸಬೇಕಾದರೆ ಅವಳನ್ನು ಕೈಬಿಡಬೇಕು. ಇಬ್ಬರ ಮೇಲೂ ಒಂದೇ ಸಮನೆ ಮಮತೆಯಿದ್ದವನಿಗೆ ಇಲ್ಲಿ ನಿರ್ದೋಷವಾದ ದಾರಿ ಯಾವುದೂ ಉಳಿದಿಲ್ಲ. ಕಥೆ ಅವನಿಗೆ ಅದ್ಭುತವಾದ ಬಿಡುಗಡೆಯನ್ನಾಗಲಿ, ಸಮಾಧಾನದ ಮಾತನ್ನಾಗಲಿ ಕೊಡದೆ ಇರುವುದನ್ನು ತಾವು ಕ್ರೌರ್ಯವೆಂದು ಬರೆದಿದ್ದೀರಿ. ನನಗೆ ಅದು ಪ್ರಾಮಾಣಿಕತೆಯೆಂದು ತೋರುತ್ತದೆ, ಏಕೆಂದರೆ ಕರುಣೆಯುಳ್ಳವರು ತಪ್ಪಿನಿಂದ ದೂರ ಉಳಿಯುತ್ತಾರೆಂಬ ಸುಲಭದ ಮಾತನ್ನು ಈ ಕಥೆ ಆಡುವುದಿಲ್ಲ. ಗುರುವಾಗಿ ಅವನು ಓರಿಗೆ ಬಾಯಿಮಾತಿನಲ್ಲಿ ಕಲಿಸಿದ್ದು ಕಡಿಮೆ. ಸತ್ತವಳ ಜೊತೆ ಹೇಗೆ ಇರಬೇಕೆಂಬುದನ್ನು ಮಾತ್ರ ಅವನು ಇದ್ದು ತೋರಿಸಿದ್ದ, ‘ಕುರೋ’ದಲ್ಲಿ ಓರಿ ಮಕಿನಾಳನ್ನು ಕಾಣುವ ಬಗೆ ಅಲ್ಲಿಂದಲೇ ಬಂದದ್ದು.

ಮಗಳ ಜೊತೆ ನೋಡುವ ವಿಚಾರದಲ್ಲಿ ನನ್ನ ಸಲಹೆ ಇದು. ಸರಣಿಯಲ್ಲಿ ರಕ್ತಪಾತ ಬಹಳವಿದೆ, ಹೆಣಗಳ ಚಿತ್ರಣ ಕೆಲವು ಕಡೆ ಅತಿಯಾಗಿದೆ, ಹುಡುಗಿಯರನ್ನು ತೋರಿಸುವ ರೀತಿಯಲ್ಲಿಯೂ ನಾನು ಮೆಚ್ಚದ ಅಂಶಗಳಿವೆ. ಶಾಲೆಯ ಮಕ್ಕಳಿಗೆ ಇದು ತಕ್ಕದ್ದಲ್ಲ. ಕಾಲೇಜಿನ ವಯಸ್ಸಿನವರು, ಅದರಲ್ಲೂ ತಂದೆಯ ಜೊತೆ ಕುಳಿತು ನೋಡುವವರು, ಅಂಜಬೇಕಾದ್ದಿಲ್ಲ. ಮಂಗಾ ಮುಗಿಯುವ ಎಷ್ಟೋ ವರ್ಷ ಮೊದಲೇ ಅನಿಮೆ ಮುಗಿದದ್ದರಿಂದ ‘ಕುರೋ’ದ ಅಂತ್ಯ ಮೂಲದ ಅಂತ್ಯವಲ್ಲ. ಕೇಸೇಯ ಬಗ್ಗೆ ತೀರ್ಮಾನಕ್ಕೆ ಬರಲು ಮೊದಲ 13 ಕಂತುಗಳು ಸಾಕು, ಅವುಗಳನ್ನು ನಡುವೆ ಬಿಡದೆ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಆಮೇಲೂ ತಮ್ಮ ಅಭಿಪ್ರಾಯ ಬದಲಾಗದಿದ್ದರೆ ಬರೆಯಿರಿ, ಮಗಳ ಅಭಿಪ್ರಾಯ ಬೇರೆಯಾಗಿದ್ದರೆ ಅದನ್ನೂ ಬರೆಯಲು ಹೇಳಿ, ಎರಡನ್ನೂ ಪ್ರಕಟಿಸುತ್ತೇವೆ.

— ಸಂಪಾದಕ