ಪೆನಾಲ್ಟಿ ತಪ್ಪು, ಒಪ್ಪೋಣ. ಹಾಗಂತ ಸ್ಕಾಟ್ಲೆಂಡ್ ಗೆದ್ದುಬಿಡುತ್ತಿತ್ತಾ?

ಪ್ರಶ್ನೆ: 2015ರ ರಗ್ಬಿ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ರೆಫರಿ ಕೊನೆಗಳಿಗೆಯಲ್ಲಿ ಕೊಟ್ಟ ಒಂದು ಪೆನಾಲ್ಟಿಯಿಂದ ಸ್ಕಾಟ್ಲೆಂಡ್ ತಂಡ ಆಸ್ಟ್ರೇಲಿಯಾಕ್ಕೆ ಸೋತಿತು. ಅದರ ವಿಡಿಯೊ ನೋಡಿದಾಗಿನಿಂದ ನನಗೂ ಗೆಳೆಯನಿಗೂ ಜಗಳ. ‘ಗೆದ್ದ ಪಂದ್ಯ ಕಿತ್ತುಕೊಂಡರು’ ಅಂತ ನಾನು, ‘ರೆಫರಿ ಹೇಳಿದ್ದೇ ಕೊನೆ’ ಅಂತ ಅವನು. ರೀಪ್ಲೇ ನೋಡಿ ತೀರ್ಪು ಕೊಡಬಹುದಿತ್ತಲ್ವಾ? ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ಇಬ್ಬರೂ ಅರ್ಧ ಸರಿ. ಮೊದಲು ನಡೆದದ್ದೇನು ನೋಡೋಣ.

ಅಕ್ಟೋಬರ್ 18, ಲಂಡನ್‌ನ ಟ್ವಿಕೆನ್‌ಹ್ಯಾಮ್. ಮಳೆ. ಆಟ ಮುಗಿಯಲು ಒಂದೆರಡು ನಿಮಿಷ ಬಾಕಿ ಇದ್ದಾಗ ಸ್ಕಾಟ್ಲೆಂಡ್ 34-32ರಿಂದ ಮುಂದಿತ್ತು. ತನ್ನದೇ ಲೈನ್‌ಔಟ್‌ನಲ್ಲಿ (ಮೈದಾನದಾಚೆ ಹೋದ ಚೆಂಡನ್ನು ಪಕ್ಕದ ಗೆರೆಯಿಂದ ಒಳಕ್ಕೆ ಎಸೆಯುವುದು) ಎಸೆದ ಚೆಂಡು ಹಿಡಿತಕ್ಕೆ ಸಿಗದೆ, ಒಬ್ಬ ಸ್ಕಾಟಿಷ್ ಆಟಗಾರನಿಗೆ ಬಡಿದು ಮುಂದಕ್ಕೆ ಚಿಮ್ಮಿತು. ಕೈಗೆ ತಗುಲಿ ಹೀಗೆ ಮುಂದಕ್ಕೆ ಹೋದರೆ ಅದು ನಾಕ್-ಆನ್ ಎಂಬ ತಪ್ಪು. ಮುಂದೆ ನಿಂತಿದ್ದ ಸ್ಕಾಟ್ಲೆಂಡ್‌ನವರೇ ಆದ ಜಾನ್ ವೆಲ್ಷ್ ಅದನ್ನು ಹಿಡಿದುಬಿಟ್ಟರು. ರೆಫರಿ ಕ್ರೇಗ್ ಜೂಬರ್ಟ್ ಅದನ್ನು ಆಫ್‌ಸೈಡ್ (ಕೊನೆಗೆ ಚೆಂಡು ಆಡಿದ ತನ್ನವನಿಗಿಂತ ಮುಂದಿದ್ದು ಆಡುವುದು) ಎಂದು ಪೆನಾಲ್ಟಿ ಕೊಟ್ಟರು. ಮೂರು ಅಂಕದ ಆ ಒದೆತದಲ್ಲಿ ಆಸ್ಟ್ರೇಲಿಯಾದ ಬರ್ನಾರ್ಡ್ ಫೋಲಿ ಗುರಿ ತಪ್ಪಲಿಲ್ಲ. 35-34.

ಈಗ ಅಸಲಿ ತಕರಾರು. ತನ್ನ ಕಡೆಯವನು ನಾಕ್-ಆನ್ ಮಾಡಿದ ಚೆಂಡನ್ನು ಮುಂದಿರುವವನು ಬೇಕಂತಲೇ ಆಡಿದರೆ ಪೆನಾಲ್ಟಿ. ಆದರೆ ನಡುವೆ ಎದುರಾಳಿ ಉದ್ದೇಶಪೂರ್ವಕವಾಗಿ ಚೆಂಡನ್ನು ಮುಟ್ಟಿದ್ದರೆ ಆ ಆಟಗಾರ ಆಫ್‌ಸೈಡ್ ಅಲ್ಲ. ರೀಪ್ಲೇಯಲ್ಲಿ ಆಸ್ಟ್ರೇಲಿಯಾದ ನಿಕ್ ಫಿಪ್ಸ್ ಕೈ ಚೆಂಡಿಗೆ ತಗುಲಿದ್ದು ಕಾಣುತ್ತದೆ. ಮರುದಿನವೇ ಆಟದ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ರಗ್ಬಿ ಇದನ್ನು ಒಪ್ಪಿಕೊಂಡಿತು. ಮೊದಲ ನಾಕ್-ಆನ್‌ಗೆ ಆಸ್ಟ್ರೇಲಿಯಾಕ್ಕೆ ಸ್ಕ್ರಮ್ (ಎರಡೂ ತಂಡದವರು ಗುಂಪಾಗಿ ತಲೆ-ಹೆಗಲು ಕೊಟ್ಟು ತಳ್ಳಾಡಿ ಆಟ ಮರುಶುರು ಮಾಡುವುದು) ಕೊಡಬೇಕಿತ್ತು ಎಂದು ಹೇಳಿತು. ಫಿಪ್ಸ್ ಬೇಕಂತಲೇ ಮುಟ್ಟಿದರೋ, ಚೆಂಡೇ ಕೈಗೆ ಬಂದು ಬಡಿಯಿತೋ ಅಂತ ಆಮೇಲೂ ವಾದ ಮಾಡಿದವರಿದ್ದಾರೆ. ನನಗೆ ಅವರು ಚೆಂಡಿಗಾಗಿ ಕೈ ಹಾಕಿದ ಹಾಗೇ ಕಾಣುತ್ತದೆ.

ಆ ಹೇಳಿಕೆಯಲ್ಲಿ ಬಹಳ ಜನ ಓದದೇ ಬಿಟ್ಟ ಸಾಲೊಂದಿದೆ. ಇಂಥ ವಿಷಯದಲ್ಲಿ ಟಿಎಂಒ, ಅಂದರೆ ಟಿವಿ ಮುಂದೆ ಕೂತ ಅಧಿಕಾರಿಯನ್ನು ಕೇಳಲು ರೆಫರಿಗೆ ಅವಕಾಶವೇ ಇರಲಿಲ್ಲ. ಮುಖ್ಯವಾಗಿ ಟ್ರೈ (ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೆ ಮುಟ್ಟಿಸುವುದು) ಆಯಿತೇ ಇಲ್ಲವೇ, ಅಪಾಯಕಾರಿ ಆಟ ನಡೆಯಿತೇ ಅನ್ನುವುದಕ್ಕಷ್ಟೇ ಕೇಳಬಹುದಿತ್ತು. ಕ್ರಿಕೆಟ್‌ನಲ್ಲಿ ಡಿಆರ್‌ಎಸ್ ಬರುವ ಮುಂಚೆ ಎಲ್‌ಬಿಡಬ್ಲ್ಯು ಕೊಟ್ಟ ಅಂಪೈರ್ ಹೇಗೋ ಹಾಗೆ. ಇಡೀ ಜಗತ್ತು ನಿಧಾನಗತಿಯಲ್ಲಿ ನೋಡುತ್ತಿತ್ತು, ತೀರ್ಪು ಕೊಟ್ಟವರ ಬಳಿ ಇದ್ದದ್ದು ಎರಡು ಕಣ್ಣು. ಪಂದ್ಯ ಮುಗಿದ ಕೂಡಲೇ ಕೈಕುಲುಕಲೂ ನಿಲ್ಲದೆ ಜೂಬರ್ಟ್ ಮೈದಾನದಿಂದ ಓಡಿದ್ದು ಚೆನ್ನಾಗಿ ಕಾಣಲಿಲ್ಲ, ನಿಜ. ಆದರೆ ಅದಕ್ಕೂ ತೀರ್ಪಿಗೂ ಸಂಬಂಧವಿಲ್ಲ. ಬೈಯುವುದಾದರೆ ಆ ನಿಯಮ ಬರೆದವರನ್ನು ಬೈಯಿರಿ.

ಇನ್ನು ‘ಗೆದ್ದ ಪಂದ್ಯ’ ಅನ್ನುವ ನಿಮ್ಮ ಮಾತು. ಸರಿಯಾದ ತೀರ್ಪು ಬಂದಿದ್ದರೂ ಚೆಂಡು ಆಸ್ಟ್ರೇಲಿಯಾದ್ದೇ. ಸ್ಕಾಟ್ಲೆಂಡ್‌ನ ಅರ್ಧದಲ್ಲಿ ಸ್ಕ್ರಮ್, ಎರಡೇ ಅಂಕದ ಅಂತರ. ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆಯುವ, ಮೂರು ಅಂಕದ ಒಂದು ಡ್ರಾಪ್ ಗೋಲ್ ಬಿದ್ದರೂ, ಸ್ಕ್ರಮ್‌ನಲ್ಲೇ ಒಂದು ಪೆನಾಲ್ಟಿ ಸಿಕ್ಕಿದ್ದರೂ ಮುಗಿಯಿತು. ಸ್ಕಾಟ್ಲೆಂಡ್‌ಗೆ ತಪ್ಪಿದ್ದು ಗೆಲುವಲ್ಲ, ಗೆಲ್ಲುವ ಒಳ್ಳೆಯ ಅವಕಾಶ. ಅದೇನೂ ಸಣ್ಣದಲ್ಲ.

ಗೆಳೆಯರ ಮಾತಿಗೆ ಬಂದರೆ, ಪಂದ್ಯ ನಡೆಯುವಾಗ ನಡೆದದ್ದೇನು, ನಿಯಮವೇನು ಎಂದು ನಿರ್ಧರಿಸುವವರು ರೆಫರಿ ಒಬ್ಬರೇ. ಹಾಗಾಗಿ ತಪ್ಪು ಅಂತ ಒಪ್ಪಿಕೊಂಡ ಮೇಲೂ ಸ್ಕೋರ್ ಬದಲಾಗಲಿಲ್ಲ. ಆದರೆ ತೀರ್ಪು ಕೊನೆ ಅಂದಮಾತ್ರಕ್ಕೆ ಅದು ಸರಿ ಅಂತ ಆಗುವುದಿಲ್ಲ.

ಜಗಳ ಮುಂದುವರಿಸಬೇಕೆಂದಿದ್ದರೆ 2017ರ ಜುಲೈ 8ರ ಪಂದ್ಯ ನೋಡಿ. ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್ ಮತ್ತು ಬ್ರಿಟಿಷ್ ಆ್ಯಂಡ್ ಐರಿಷ್ ಲಯನ್ಸ್ (ಬ್ರಿಟನ್, ಐರ್ಲೆಂಡ್ ಆಟಗಾರರ ಜಂಟಿ ತಂಡ) ನಡುವಿನ ಮೂರನೇ ಟೆಸ್ಟ್, 15-15. ಕೊನೆಯಲ್ಲಿ ತಮ್ಮವನಿಗೆ ಬಡಿದು ಮುಂದೆ ಬಂದ ಚೆಂಡನ್ನು ಲಯನ್ಸ್‌ನ ಕೆನ್ ಓವೆನ್ಸ್ ಹಿಡಿದು, ತಕ್ಷಣ ಬಿಟ್ಟರು. ರೆಫರಿ ರೊಮೇನ್ ಪ್ವಾಟ್ ಮೊದಲು ಪೆನಾಲ್ಟಿ ಕೊಟ್ಟರು. ಆಮೇಲೆ ರೀಪ್ಲೇ ನೋಡಿ, ಸಹ ಅಧಿಕಾರಿಗಳ ಜತೆ ಮಾತಾಡಿ, ‘ಆಕಸ್ಮಿಕ ಆಫ್‌ಸೈಡ್’ ಎಂದು ಸ್ಕ್ರಮ್‌ಗೆ ಇಳಿಸಿದರು. ಪಂದ್ಯವೂ ಸರಣಿಯೂ ಡ್ರಾ. ತಪ್ಪಿಸಿಕೊಳ್ಳಲು ಆಗದೆ ಚೆಂಡು ತಗುಲಿದರೆ ಮಾತ್ರ ಅದು ಆಕಸ್ಮಿಕ. ಓವೆನ್ಸ್ ಕೈ ಚಾಚಿ ಹಿಡಿದಿದ್ದರು. ನನ್ನ ಲೆಕ್ಕದಲ್ಲಿ ಅಲ್ಲಿ ಮೊದಲು ಊದಿದ ಸೀಟಿಯೇ ಸರಿ.